ತೆರೆಯ ಮೇಲಿನ ಅಂಕಿ

ಹುಟ್ಟಿದಂದಿನಿಂದಲೂ ಮೊಬೈಲ್ ಫೋನು, ಕಂಪ್ಯೂಟರುಗಳ ನಡುವೆಯೇ ಬೆಳೆದ ತರುಣರಿಗೆ ವಿಜ್ಞಾನವನ್ನು ಕಲಿಸುವ ಬಗೆ ಯಾವುದು? 2001ರಲ್ಲಿ ಅಮೆರಿಕದ ಲೇಖಕ ಮಾರ್ಕ್ ಪ್ರೆನ್ಸ್ಕಿ ಅವರು ಇಂಥ ವಿದ್ಯಾರ್ಥಿಗಳನ್ನು ಡಿಜಿಟಲ್ ನಾಡಿನಲ್ಲಿಯೇ ಹುಟ್ಟಿದವರೆಂದೂ, ಅವರ ಅಧ್ಯಾಪಕರನ್ನು ಆ ನಾಡಿಗೆ ವಲಸೆ ಬಂದವರೆಂದೂ ಬಣ್ಣಿಸಿದರು. ಹೊಸಬರ ಬುದ್ಧಿಯ ರೀತಿಯೇ ಬೇರೆಯಾದುದರಿಂದ ಹಳೆಯ ಪಾಠಕ್ರಮ ಅವರಿಗೆ ಒಗ್ಗದೆಂಬುದು ಅವರ ವಾದ. ಈ ವಾದಕ್ಕೆ ತಕ್ಕ ಆಧಾರವಿಲ್ಲವೆಂದು 2017ರಲ್ಲಿ ಪಾಲ್ ಕಿರ್ಶ್ನರ್ ಮತ್ತು ಪೆಡ್ರೊ ಡೆ ಬ್ರೌಕೆರ್ ಎಂಬ ಶಿಕ್ಷಣತಜ್ಞರು ಪ್ರತಿಪಾದಿಸಿದರು. ಯಂತ್ರದ ಬಳಕೆ ಬೇರೆ, ಅದರ ತಿಳಿವಳಿಕೆ ಬೇರೆ. ದಿನವೂ ರೈಲಿನಲ್ಲಿ ಪ್ರಯಾಣ ಮಾಡುವವನಿಗೆ ಎಂಜಿನ್ನಿನ ಒಳಗುಟ್ಟು ತಿಳಿದಿರಬೇಕಾಗಿಲ್ಲವಷ್ಟೆ. ಭೌತವಿಜ್ಞಾನವನ್ನು ಬೋಧಿಸುವ ನಮಗೆ ಈ ಅಂಶ ಪ್ರಯೋಗಶಾಲೆಯಲ್ಲಿ ಬಹು ಸ್ಪಷ್ಟವಾಗಿ ಕಾಣುತ್ತದೆ.

ನೂರರಲ್ಲೊಂದು ಸೆಕೆಂಡು

ಸರಳ ಲೋಲಕದಿಂದ ಗುರುತ್ವ ವೇಗೋತ್ಕರ್ಷವನ್ನು ಕಂಡುಹಿಡಿಯುವ ಪ್ರಯೋಗವನ್ನು ತೆಗೆದುಕೊಳ್ಳೋಣ. ಪೈಯ ವರ್ಗದ ನಾಲ್ಕರಷ್ಟನ್ನು ಲೋಲಕದ ಉದ್ದದಿಂದ ಗುಣಿಸಿ, ಒಂದು ಆಂದೋಲನದ ಅವಧಿಯ ವರ್ಗದಿಂದ ಭಾಗಿಸಿದರೆ ಉತ್ತರ ಬರುತ್ತದೆ. ಮೀಟರು ಸೆಕೆಂಡುಗಳ ಮಾನದಲ್ಲಿ ನಮ್ಮ ನಾಡಿನಲ್ಲಿ ಅದು ಸುಮಾರು 9.78.

ಲೋಲಕದ ಉದ್ದ 1 ಮೀಟರು ಇರಲಿ. ವಿದ್ಯಾರ್ಥಿಯು ಫೋನಿನ ನಿಲುಗಡಿಯಾರದಿಂದ ಒಂದೇ ಆಂದೋಲನವನ್ನು ಅಳೆದು, 2.13 ಸೆಕೆಂಡು ಎಂದು ಓದುತ್ತಾನೆಂದು ಭಾವಿಸೋಣ. ಗಣಕವು ಕೂಡಲೆ 8.701628 ಎಂದು ಉತ್ತರ ಕೊಡುತ್ತದೆ. ಅಂಕಿಗಳೇನೋ ಏಳು ಇವೆ. ಆದರೆ ಎರಡನೆಯದೇ ನಂಬಲರ್ಹವಲ್ಲ. ಗಡಿಯಾರವು ಸೆಕೆಂಡಿನ ನೂರನೆಯ ಒಂದು ಭಾಗವನ್ನು ತೋರಿಸುತ್ತದೆ, ನಿಜ. ಅದನ್ನು ಒತ್ತುವ ಬೆರಳಾದರೋ ಕಣ್ಣು ಕಂಡದ್ದಕ್ಕೆ ಓಗೊಡಲು ಸುಮಾರು 0.2 ಸೆಕೆಂಡನ್ನು ತೆಗೆದುಕೊಳ್ಳುತ್ತದೆ. ಇಲ್ಲಿ ಬಂದಿರುವ ತಪ್ಪು 0.12 ಸೆಕೆಂಡು.

ಅದೇ ವಿದ್ಯಾರ್ಥಿ 20 ಆಂದೋಲನಗಳನ್ನು ಒಟ್ಟಿಗೆ ಅಳೆಯಲಿ. 40.18 ಬರಬೇಕಾದಲ್ಲಿ, ಬೆರಳಿನ ಅದೇ 0.12 ಸೆಕೆಂಡಿನ ತಪ್ಪಿನಿಂದ 40.30 ಬಂದಿತೆನ್ನೋಣ. ಈಗ ಒಂದು ಆಂದೋಲನದ ಅವಧಿ 2.015, ಉತ್ತರ 9.72. ಬೆರಳೂ ಬದಲಾಗಲಿಲ್ಲ, ಗಡಿಯಾರವೂ ಬದಲಾಗಲಿಲ್ಲ. ತಪ್ಪು ಇಪ್ಪತ್ತು ಪಾಲಾಗಿ ಹಂಚಿಹೋಯಿತು.

8.70 ಬಂದಾಗ ಕೆಲವರು 2.13ನ್ನು ಅಳಿಸಿ 2.01 ಎಂದು ಬರೆದುಬಿಡುವುದುಂಟು. ಸರಿಯುತ್ತರ ಕ್ಷಣಮಾತ್ರದಲ್ಲಿ ಅಂಗೈಗೆ ಬರುವ ಈ ಕಾಲದಲ್ಲಿ ಈ ಆಸೆ ಇನ್ನೂ ಬಲವಾಗಿದೆ. ಆದರೆ ವಿದ್ಯಾರ್ಥಿಯು ಕಲಿಯಬೇಕಾದುದೆಲ್ಲ ಇದ್ದದ್ದು ಆ 2.13ರಲ್ಲಿಯೇ. ಅದನ್ನು ಅಳಿಸಿದವನಿಗೆ ಅಂಕಗಳು ಸಿಕ್ಕಿಯಾವು, ಪಾಠ ಸಿಕ್ಕದು.

ಮೇಜಿನ ಮೇಲಿನ ಫೋನು

ಹಾಗೆಂದು ಫೋನನ್ನು ಪ್ರಯೋಗಶಾಲೆಯಿಂದ ಹೊರಗಿಡಬೇಕೆಂದು ನಾವು ಹೇಳುವುದಿಲ್ಲ. ಅದನ್ನೇ ಪಾಠದ ವಸ್ತುವನ್ನಾಗಿ ಮಾಡಬಹುದು. ಅದರೊಳಗೆ ವೇಗೋತ್ಕರ್ಷ ಮಾಪಕವೆಂಬ ಉಪಕರಣವಿದೆ. ಅದರ ಅಂಕಿಗಳನ್ನು ಓದಲು ಜರ್ಮನಿಯ ಆಖನ್ ನಗರದ ತಾಂತ್ರಿಕ ವಿಶ್ವವಿದ್ಯಾನಿಲಯದವರು 2016ರಲ್ಲಿ ‘ಫೈಫಾಕ್ಸ್’ ಎಂಬ ಉಚಿತ ಆ್ಯಪನ್ನು ಹೊರತಂದರು.

ಫೋನನ್ನು ಮೇಜಿನ ಮೇಲೆ ಅಲುಗದಂತೆ ಇಟ್ಟು ನೋಡಿದರೆ ಮಾಪಕವು ಸುಮಾರು 9.8 ಎಂದು ತೋರಿಸುತ್ತದೆ. ನಿಶ್ಚಲವಾದ ವಸ್ತುವಿಗೆ ವೇಗೋತ್ಕರ್ಷವೆಲ್ಲಿಯದು? ಕೈಬಿಟ್ಟು ಬೀಳಿಸಿದರಂತೂ, ವೇಗವು ನಿಜವಾಗಿ ಏರುತ್ತಿರುವಾಗಲೇ, ಅಂಕಿ ಸೊನ್ನೆಯ ಸಮೀಪಕ್ಕೆ ಇಳಿಯುತ್ತದೆ! ಯಂತ್ರ ಕೆಟ್ಟಿಲ್ಲ. ಅದು ಅಳೆಯುವುದೇನೆಂಬುದನ್ನು ನಾವು ವಿಚಾರಿಸಬೇಕು.

ಮಾಪಕದೊಳಗೆ ಸಾಸಿವೆಕಾಳಿಗಿಂತಲೂ ಚಿಕ್ಕದಾದ ಸಿಲಿಕಾನ್ ತುಂಡೊಂದು ಅತಿಸೂಕ್ಷ್ಮವಾದ ಸ್ಪ್ರಿಂಗುಗಳ ಆಧಾರದಲ್ಲಿ ನಿಂತಿದೆ. ಅದು ತುಸು ಸರಿದರೂ ನೆರೆಯ ಫಲಕಗಳೊಡನೆ ಅದರ ವಿದ್ಯುತ್ ಧಾರಕತೆ ಬದಲಾಗುತ್ತದೆ. ಈ ಬದಲಾವಣೆಯೇ ತೆರೆಯ ಮೇಲೆ ಅಂಕಿಯಾಗುತ್ತದೆ. ಫೋನು ಮೇಜಿನ ಮೇಲಿದ್ದಾಗ ತುಂಡು ತನ್ನ ತೂಕದಿಂದ ಸ್ಪ್ರಿಂಗನ್ನು ಬಾಗಿಸುತ್ತದೆ. ಬೀಳುವಾಗ ತುಂಡೂ ಫೋನೂ ಒಟ್ಟಿಗೇ ಬೀಳುವುದರಿಂದ ಸ್ಪ್ರಿಂಗಿಗೆ ಕೆಲಸವಿಲ್ಲ. ಆದುದರಿಂದ ಈ ಉಪಕರಣ ಅಳೆಯುವುದು ವಸ್ತುವಿಗೆ ದೊರೆತ ಆಸರೆಯ ಒತ್ತನ್ನು. ಹೆಸರನ್ನು ಮಾತ್ರ ನಂಬಿದವನಿಗೆ ಈ ವಿಷಯ ಹೊಳೆಯುವುದಿಲ್ಲ.

ಮಾಡಿ ನೋಡಬೇಕಾದುದು

ಅಂಕಿಯ ಮೂಲವನ್ನು ವಿಚಾರಿಸುವ ಈ ಅಭ್ಯಾಸ ಪರೀಕ್ಷೆಗಾಗಿ ಮಾತ್ರ ಬೇಕಾದುದಲ್ಲ. 2020ರ ಮಹಾಮಾರಿಯ ಬಳಿಕ ಅನೇಕ ಮನೆಗಳಿಗೆ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರು ಬಂದಿತು. ತಣ್ಣಗಾದ ಬೆರಳು, ಉಗುರಿನ ಬಣ್ಣಗಳಿಂದ ಅದರ ಅಂಕಿ ತಪ್ಪಾಗಬಹುದು. ಕಪ್ಪು ಮೈಬಣ್ಣದವರಲ್ಲಿ ಅದು ರಕ್ತದ ಆಮ್ಲಜನಕವನ್ನು ಇರುವುದಕ್ಕಿಂತ ಹೆಚ್ಚಾಗಿ ತೋರಿಸುವುದೂ ಉಂಟು. ಅಲ್ಲಿ ತಪ್ಪು ಅಂಕಿಯನ್ನು ನಂಬಿದರೆ ಹೋಗುವುದು ಪ್ರಾಣ.

ಕೊನೆಯಲ್ಲಿ ವಾಚಕರಿಗೆ ಒಂದು ಅಭ್ಯಾಸ. ದಪ್ಪನೆಯ ಹಾಸಿಗೆಯ ಮೇಲೆ 1 ಮೀಟರು ಎತ್ತರದಿಂದ ಫೋನನ್ನು ಬೀಳಿಸಿ, ಮಾಪಕವು ಸೊನ್ನೆಯ ಬಳಿ ನಿಂತ ಕಾಲವನ್ನು ನಕ್ಷೆಯಿಂದ ಓದಿರಿ. ಎತ್ತರದ ಎರಡರಷ್ಟನ್ನು ಆ ಕಾಲದ ವರ್ಗದಿಂದ ಭಾಗಿಸಿರಿ. 0.45 ಸೆಕೆಂಡು ಬಂದರೆ ಉತ್ತರ 9.88, 0.44 ಬಂದರೆ 10.33, 0.46 ಬಂದರೆ 9.45. ನಿಮ್ಮ ಫೋನು ಸೆಕೆಂಡಿಗೆ 100 ಸಲ ಅಳೆಯುವಂಥದಾದರೆ 0.01 ಸೆಕೆಂಡಿನ ಅನಿಶ್ಚಿತತೆ ತಪ್ಪದು. ಅನಂತರ ದಾರಕ್ಕೆ ಕಲ್ಲೊಂದನ್ನು ಕಟ್ಟಿ 20 ಆಂದೋಲನಗಳನ್ನು ಎಣಿಸಿರಿ. ಎರಡು ಉತ್ತರಗಳಲ್ಲಿ ಯಾವುದನ್ನು ಹೆಚ್ಚು ನಂಬುವಿರಿ, ಏಕೆ ಎಂಬುದನ್ನು ಒಂದು ಪುಟದಲ್ಲಿ ಬರೆದು ನಿಮ್ಮ ಅಧ್ಯಾಪಕರಿಗೆ ತೋರಿಸಿರಿ.