ನಮ್ಮ ಮಾತು ಕೇಳದೆ ಶಿಕ್ಷೆ ಕೊಡಬಹುದಾ?

ಚಿಕ್ಕ ಕಾಲೇಜಲ್ಲಿ ರೂಲ್ಸಿಗೇನೂ ಕಮ್ಮಿ ಇಲ್ಲ. ಆದರೆ ಯಾವ ರೂಲ್ ಎಲ್ಲಿ ಬರೆದಿದೆ ಅಂತ ಕೇಳಿದರೆ ಯಾರಿಗೂ ಗೊತ್ತಿರಲ್ಲ. ಎಚ್‌ಒಡಿ ಹೇಳಿದ್ದೇ ರೂಲು, ಸೀನಿಯರ್ಸ್ ಹೇಳಿದ್ದೇ ಅದರ ಅರ್ಥ. ಎಲ್ಲರಿಗೂ ಎಲ್ಲರ ಮುಖ ಪರಿಚಯ ಇರೋದರಿಂದ ಬಹಳಷ್ಟು ವಿಷಯ ಬೈಗುಳದಲ್ಲೇ ಮುಗಿಯುತ್ತೆ. ಅದು ಒಳ್ಳೆಯದೇ. ಬೈಗುಳ ದಾಟಿ ಸಸ್ಪೆಂಡ್, ಡಿಟೇನ್ ಅನ್ನೋ ಮಾತು ಬಂದಾಗ ಏನು ಅನ್ನೋದೇ ಈ ಲೇಖನದ ಪ್ರಶ್ನೆ.

ಮೊದಲು ಹಾಜರಾತಿ. ವಿಟಿಯು ನಿಯಮದ ಪ್ರಕಾರ ಪ್ರತಿ ವಿಷಯದಲ್ಲೂ ಶೇ. 85 ಬೇಕು. ಕಾಯಿಲೆ, ಕ್ರೀಡೆಯಂಥ ಸರಿಯಾದ ಕಾರಣ ಇದ್ದರೆ ಪ್ರಿನ್ಸಿಪಾಲರ ಶಿಫಾರಸಿನ ಮೇಲೆ ಕುಲಪತಿಗಳು ಶೇ. 10ರವರೆಗೆ ಮನ್ನಾ ಮಾಡಬಹುದು. ಉಚ್ಚಂಗಿದುರ್ಗದ ಕಡೆಯಿಂದ ಬಸ್ಸಲ್ಲಿ ಬರುವ ನಮ್ಮಂಥವರು ಲೆಕ್ಕ ಹಾಕಿ ನೋಡಿ. 40 ಕ್ಲಾಸಿಗೆ 34 ಬೇಕು, ತಪ್ಪಬಹುದಾದದ್ದು ಬರೀ 6. ಫಸ್ಟ್ ಅವರ್ ಅದೇ ವಿಷಯ ಇದ್ದರೆ, ಬಸ್ಸು ಏಳನೇ ಸಲ ಲೇಟಾದ ದಿನ ಲೆಕ್ಕ ಕೈ ತಪ್ಪಿತು. ಇನ್ನು ಭರತ ಹುಣ್ಣಿಮೆ ಜಾತ್ರೆ ಟೈಮಲ್ಲಿ ಬಸ್ಸು ಹತ್ತೋದೇ ಒಂದು ಲ್ಯಾಬ್ ಎಕ್ಸಾಮ್! ಬಸ್ಸು ಲೇಟಾದದ್ದು ಅಶಿಸ್ತಾ? ನನ್ನ ಪ್ರಕಾರ ಅಲ್ಲ. ಆದರೆ ರಿಜಿಸ್ಟರಿಗೆ ಕಾರಣ ಗೊತ್ತಾಗಲ್ಲ, ಗೈರು ಅಷ್ಟೇ ಗೊತ್ತಾಗೋದು. ಕಾರಣ ಹೇಳೋಕೆ ನಮಗೊಂದು ಅವಕಾಶ ಬೇಕು.

ಈ ಅವಕಾಶದ ಬಗ್ಗೆ ಸುಪ್ರೀಂ ಕೋರ್ಟ್ 1962ರಲ್ಲೇ ಹೇಳಿದೆ. ಉತ್ತರ ಪ್ರದೇಶದ ಸಿಕಂದ್ರಾ ರಾವ್ ಅನ್ನೋ ಸಣ್ಣ ಊರಿನ ಕಾಲೇಜಿನ ಮೂವರು ಹುಡುಗರು 1954ರಲ್ಲಿ ಇಂಟರ್‌ಮೀಡಿಯೆಟ್ ಕಾಮರ್ಸ್ ಪಾಸಾಗಿದ್ದರು. ಕೆಲವು ತಿಂಗಳ ಮೇಲೆ, ನೀವು ಕಾಪಿ ಹೊಡೆದಿದ್ದೀರಿ ಅಂತ ಬೋರ್ಡು ಅವರ ಫಲಿತಾಂಶ ರದ್ದು ಮಾಡಿತು, ಮುಂದಿನ ವರ್ಷದ ಪರೀಕ್ಷೆಗೂ ಕೂರಿಸಲಿಲ್ಲ. ಅವರನ್ನು ಕರೆದು ಒಂದು ಮಾತೂ ಕೇಳಿರಲಿಲ್ಲ. ಘನಶ್ಯಾಮ್ ದಾಸ್ ಗುಪ್ತಾ ಕೇಸ್ ಅಂತ ಇದು ಪ್ರಸಿದ್ಧ. ಇಷ್ಟು ದೊಡ್ಡ ಶಿಕ್ಷೆ ಕೊಡುವ ಕಮಿಟಿ ಹುಡುಗರ ಮಾತು ಕೇಳಲೇಬೇಕಿತ್ತು ಅಂತ ಕೋರ್ಟ್ ಹೇಳಿತು. ಗಮನಿಸಿ, ಹುಡುಗರು ಕಾಪಿ ಹೊಡೆದಿಲ್ಲ ಅಂತ ಹೇಳಲಿಲ್ಲ. ಕೇಳದೆ ತೀರ್ಮಾನ ಮಾಡಿದ್ದು ತಪ್ಪು ಅಂದಿತು.

ಹಾಗಂತ ಕಮಿಟಿ ಮುಂದೆ ಸಿನಿಮಾ ಕೋರ್ಟ್ ಸೀನ್ ನಡೆಸಬಹುದು ಅಂದುಕೊಳ್ಳಬೇಡಿ. 1972ರಲ್ಲಿ ರಾಂಚಿಯ ಮೆಡಿಕಲ್ ಕಾಲೇಜೊಂದರ ಲೇಡೀಸ್ ಹಾಸ್ಟೆಲ್ಲಿಗೆ ರಾತ್ರಿ ನುಗ್ಗಿ ಹುಡುಗರು ಅಸಭ್ಯವಾಗಿ ನಡೆದುಕೊಂಡರು. ಮೂವರು ಅಧ್ಯಾಪಕರ ಕಮಿಟಿ ಹುಡುಗಿಯರ ಹೇಳಿಕೆ ಬೇರೆಯಾಗಿ ಪಡೆಯಿತು, ಬೇರೆ ಫೋಟೊಗಳ ಜೊತೆ ಆರೋಪಿಗಳ ಫೋಟೊ ಬೆರೆಸಿ ಗುರುತಿಸೋಕೆ ಹೇಳಿತು. ಆಮೇಲೆ ಹುಡುಗರನ್ನು ಕರೆದು ಆರೋಪ ತಿಳಿಸಿ ಅವರ ಮಾತನ್ನೂ ಕೇಳಿತು. ನಮ್ಮೆದುರಿಗೇ ಹುಡುಗಿಯರನ್ನು ವಿಚಾರಿಸಬೇಕಿತ್ತು ಅನ್ನೋದು ಹುಡುಗರ ವಾದ. 1973ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ದೂರು ಕೊಟ್ಟವರು ಅದೇ ಕ್ಯಾಂಪಸ್ಸಲ್ಲಿ ಓಡಾಡಬೇಕಲ್ಲ! ನೂರಿನ್ನೂರು ಜನರ ಕಾಲೇಜಲ್ಲಂತೂ ಯಾರು ಹೇಳಿದ್ದು ಅಂತ ಸಂಜೆಯೊಳಗೆ ಕ್ಯಾಂಟೀನಿಗೆ ಗೊತ್ತಾಗುತ್ತೆ. ನನಗೆ ಈ ತೀರ್ಪು ಮೊದಲನೆಯದರಷ್ಟೇ ಮುಖ್ಯ ಅನಿಸುತ್ತೆ.

ರ‍್ಯಾಗಿಂಗ್ ವಿಷಯ ಇನ್ನೂ ಬಿಗಿ. ಯುಜಿಸಿಯ 2009ರ ನಿಯಮದಲ್ಲಿ, ನಡೆದದ್ದು ಅಪರಾಧ ಅಂತ ಕಂಡರೆ ಕಾಲೇಜಿನ ಮುಖ್ಯಸ್ಥರು 24 ಗಂಟೆಯೊಳಗೆ ಎಫ್‌ಐಆರ್ ಮಾಡಿಸಬೇಕು. ‘ಒಳಗೊಳಗೇ ಮುಗಿಸಿಕೊಳ್ಳೋಣ’ ಅನ್ನೋಕೆ ಅಲ್ಲಿ ಜಾಗ ಇಲ್ಲ. ಸಹಾಯವಾಣಿ 1800-180-5522, ಫೋನಲ್ಲಿ ಸೇವ್ ಮಾಡಿಕೊಳ್ಳಿ.

ಹಾಗಾದರೆ ಕಮಿಟಿ ಕರೆದಾಗ ಏನು ಮಾಡೋದು? ಆರೋಪ ಏನು, ಯಾವ ದಿನದ್ದು, ಯಾವ ನಿಯಮದಡಿ ಅಂತ ಬರವಣಿಗೆಯಲ್ಲಿ ಕೇಳಿ, ಮರ್ಯಾದೆಯಿಂದ. ಉತ್ತರವನ್ನೂ ಬರೆದೇ ಕೊಡಿ, ಒಂದು ಪ್ರತಿಗೆ ಆಫೀಸಿನ ಸೀಲು ಹಾಕಿಸಿಕೊಳ್ಳಿ. ‘ಸಾರಿ ಸರ್, ಇನ್ಮೇಲೆ ಮಾಡಲ್ಲ’ ಅಂತ ಖಾಲಿ ಹಾಳೆಗೆ ಸಹಿ ಹಾಕಿ ಓಡಿ ಬರಬೇಡಿ. ಬಸ್ಸು ಲೇಟಾದರೆ ಆ ದಿನದ ಟಿಕೆಟ್ ಅಥವಾ ಪಾಸಿನ ಜೊತೆ ಕ್ಲಾಸ್ ಟೀಚರಿಗೆ ಅದೇ ದಿನ ಒಂದು ಚೀಟಿ ಕೊಡಿ. ಸೆಮಿಸ್ಟರ್ ಕೊನೇ ವಾರ ಕೊಟ್ಟರೆ ಅದು ಕಥೆ ಅನಿಸುತ್ತೆ.