ಸೋಸುವ ಬಟ್ಟೆಯನ್ನು ಎಳೆದರೆ ಅದರ ಕಣ್ಣು ಏನಾಗುತ್ತದೆ?



ನಾಳೆ ಹಾಲು ಕರೆಯುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಹಾಲು ಸೋಸುವ ಬಟ್ಟೆಯನ್ನು ಬೆಳಕಿಗೆ ಹಿಡಿದು ಮೂಲೆಯಿಂದ ಮೂಲೆಗೆ ಎಳೆಯಿರಿ. ಚೌಕವಾಗಿದ್ದ ಕಣ್ಣು ಓರೆಯಾಗಿ ಉದ್ದವಾಗುತ್ತದೆ, ಅಗಲ ಕಿರಿದಾಗುತ್ತದೆ. ಹಳೆಯ ಬನಿಯನ್ ಬಟ್ಟೆಯಾದರೆ ಎಳೆದಷ್ಟೂ ಕಣ್ಣು ಬಾಯಿ ಬಿಡುತ್ತದೆ.

ಈ ಎಳೆತವನ್ನೇ ಬಳಸಿ ಕಾರ್ಖಾನೆಗಳಲ್ಲಿ ಅತಿ ಸೂಕ್ಷ್ಮವಾದ ಸೋಸುವ ಪೊರೆಗಳನ್ನು, ಅಂದರೆ ಮೆಂಬ್ರೇನ್‌ಗಳನ್ನು ತಯಾರಿಸುತ್ತಾರೆ. ಪಶು ಆಹಾರದ ಚೀಲ ನೇಯುವ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕನ್ನೇ ತೆಳು ಹಾಳೆ ಮಾಡಿ, ಮೊದಲು ತಣ್ಣಗಿರುವಾಗ ಸ್ವಲ್ಪ ಎಳೆಯುತ್ತಾರೆ. ಹಾಳೆಯೊಳಗಿನ ಪದರಗಳ ನಡುವೆ ಸಣ್ಣ ಬಿರುಕು ಬೀಳುತ್ತದೆ. ಆಮೇಲೆ ಬಿಸಿ ಮಾಡಿ ಇನ್ನಷ್ಟು ಎಳೆದಾಗ ಆ ಬಿರುಕುಗಳು ಉದ್ದನೆಯ ಸೀಳುಗಳಾಗಿ ತೆರೆದುಕೊಳ್ಳುತ್ತವೆ. ಮತ್ತೆ ಮುದುಡದಂತೆ ಕಾವು ಕೊಟ್ಟು ಹಾಗೆಯೇ ನಿಲ್ಲಿಸುತ್ತಾರೆ. ಒಂದೊಂದು ಸೀಳಿನ ಅಗಲ ತಲೆಗೂದಲಿನ ದಪ್ಪದ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ.

ಸೀಳು ಉದ್ದವಾದರೆ ಕಸ ನುಗ್ಗುವುದಿಲ್ಲವೇ? ನಿಮ್ಮ ಬೇಲಿ ನೋಡಿ. ಸಂದು ಆಳೆತ್ತರವಿದ್ದರೂ ಅಗಲ ಒಂದು ಗೇಣಾದರೆ ಹಸು ನುಗ್ಗಲಾರದು, ಗಾಳಿ ಮಾತ್ರ ಧಾರಾಳವಾಗಿ ಬರುತ್ತದೆ. ಪೊರೆಯಲ್ಲೂ ಹಾಗೆಯೇ: ಯಾವುದನ್ನು ತಡೆಯಬೇಕೆಂಬುದನ್ನು ಸೀಳಿನ ಅಗಲ ತೀರ್ಮಾನಿಸುತ್ತದೆ, ಉದ್ದ ಹೆಚ್ಚಿದರೆ ಹರಿವು ಹೆಚ್ಚುತ್ತದೆ. ಆದರೆ ಮಿತಿ ಮೀರಿ ಎಳೆದರೆ ಎರಡು ಸೀಳು ಸೇರಿ ಒಂದಾಗುತ್ತವೆ. ಸಾವಿರ ಕಣ್ಣು ಸರಿಯಿದ್ದು ಒಂದು ಹರಿದರೂ ಕಸಕ್ಕೆ ಅದೇ ಹೆಬ್ಬಾಗಿಲು.

ಎಳೆಯುವ ವೇಗವೂ ಮುಖ್ಯ. 1969ರಲ್ಲಿ ಅಮೆರಿಕದ ಬಾಬ್ ಗೋರ್, ನಾನ್‌ಸ್ಟಿಕ್ ತವಾಕ್ಕೆ ಬಳಿಯುವ ಪ್ಲಾಸ್ಟಿಕ್ಕಿನ ಕಡ್ಡಿಗಳನ್ನು ಬಿಸಿ ಮಾಡಿ ನಿಧಾನವಾಗಿ ಎಳೆಯುತ್ತಿದ್ದರು. ಎಲ್ಲವೂ ತುಂಡಾಗುತ್ತಿದ್ದವು. ಬೇಸತ್ತು ಒಂದನ್ನು ಜಗ್ಗಿದಾಗ ಅದು ಮುರಿಯದೆ ಮಾರುದ್ದ ಹಿಗ್ಗಿತು! ಒಳಗೆಲ್ಲ ಸೂಕ್ಷ್ಮ ರಂಧ್ರ. ನೂರಕ್ಕೆ ಸುಮಾರು 70 ಭಾಗ ಗಾಳಿ. ಇಂದು ಆ ಪೊರೆಯನ್ನು ಸೋಸುವುದಕ್ಕೂ ಮಳೆ ಅಂಗಿಗೂ ಬಳಸುತ್ತಾರೆ.

ಈಗ ನಮ್ಮ ಬಟ್ಟೆಗೆ ಬರೋಣ. ನಮ್ಮ ಕೈ ಎಳೆತಕ್ಕೆ ಕಾವೂ ಇಲ್ಲ, ಅಳತೆಯೂ ಇಲ್ಲ. ಬ್ಯಾಕ್ಟೀರಿಯಾದ ಗಾತ್ರ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟು. ಅದಕ್ಕೆ ಯಾವ ಬಟ್ಟೆಯೂ ತಡೆಯಲ್ಲ. ಬಟ್ಟೆ ಹಿಡಿಯುವುದು ಕೂದಲು, ಹೊಟ್ಟು, ಸಗಣಿಯ ಚೂರುಗಳನ್ನು ಮಾತ್ರ. ಬೇಗ ಸೋಸಲೆಂದು ಬಟ್ಟೆಯನ್ನು ಜಗ್ಗಿ ಹಿಂಡಿದರೆ ಆ ಚೂರು ಪುಡಿಯಾಗಿ ಹಾಲಿಗೇ ಇಳಿಯುತ್ತದೆ. ಸಂಘದ ಕ್ಯಾನಿಗೆ ಸುರಿದ ಮೇಲೆ ಅದು ಒಬ್ಬರ ಹಾಲಾಗಿ ಉಳಿಯುವುದಿಲ್ಲ, ಊರಿನ ಹಾಲೆಲ್ಲ ಕೆಡುತ್ತದೆ.

ಆದ್ದರಿಂದ ಕೆಚ್ಚಲನ್ನು ತೊಳೆದು ಒರೆಸಿಯೇ ಕರೆಯಿರಿ. ಬನಿಯನ್ ಬೇಡ, ಒತ್ತಾಗಿ ನೇಯ್ದ ಬಿಳಿ ಹತ್ತಿ ಬಟ್ಟೆ ಇರಲಿ. ಅದನ್ನು ತಮಟೆಯಂತೆ ಬಿಗಿಯದೆ ನಡುವೆ ಸ್ವಲ್ಪ ಜೋಲು ಬಿಟ್ಟು ಕಟ್ಟಿ, ಹಾಲು ತಾನಾಗಿ ಇಳಿಯಲಿ. ತೊಳೆಯುವಾಗ ಮೊದಲು ತಣ್ಣೀರು, ಆಮೇಲೆ ಸೋಪು ಮತ್ತು ಬಿಸಿನೀರು. ಮೊದಲೇ ಬಿಸಿನೀರು ಹಾಕಿದರೆ ಹಾಲಿನ ಪ್ರೋಟೀನ್ ನೂಲಿಗೆ ಅಂಟಿಕೊಳ್ಳುತ್ತದೆ. ಬಳಿಕ ಕುದಿಸಿ ಬಿಸಿಲಿಗೆ ಹಾಕಿ.

ತಿಂಗಳಿಗೊಮ್ಮೆ ಮತ್ತೆ ಬೆಳಕಿಗೆ ಹಿಡಿದು ಎಳೆದು ಬಿಡಿ. ಬಿಟ್ಟ ಮೇಲೂ ಕಣ್ಣು ಮೊದಲಿನಂತಾಗದಿದ್ದರೆ ಆ ಬಟ್ಟೆ ಒಲೆ ಒರೆಸಲು ಸಾಕು.