ಕೊನೆಯ ಕಂಬ ಕಲಿಸಿದ ಪಾಠಗಳು

ಲೈನ್‌ಮನ್ ಊರಿಗೆ ಬಂದರೆ ನಮ್ಮ ಹಳ್ಳಿಗಳಲ್ಲಿ ಇಂದಿಗೂ ‘ಕೆಇಬಿಯವರು ಬಂದರು’ ಅನ್ನುತ್ತಾರೆ. ಕೆಇಬಿ 1999ರಲ್ಲೇ ಕೆಪಿಟಿಸಿಎಲ್ ಆಯಿತು. 2002ರಲ್ಲಿ ವಿತರಣೆಯ ಕೆಲಸ ಬೇರೆಯಾಗಿ, ಒಂದೊಂದು ಭಾಗಕ್ಕೆ ಒಂದೊಂದು ಕಂಪನಿ ಬಂತು. ಜನರಿಗೆ ಮಾತ್ರ ಕೆಇಬಿ ಎಂದರೆ ತಮ್ಮ ಹೊಲದ ಬದುವಿನ ಮೇಲಿನ ಕಂಬ. ಸೆಕ್ಷನ್ ಆಫೀಸರ್ ಆಗಿ ಸೇರಿ, ಒಂದೊಂದೇ ಹುದ್ದೆ ದಾಟಿ, ಕಡೆಗೆ ಸರ್ಕಾರಿ ವಿತರಣಾ ಕಂಪನಿಯೊಂದರ ಎಂ.ಡಿ. ಆದ ನಾನೂ ಕಂಡುಕೊಂಡದ್ದು ಇದನ್ನೇ: ಕಂಪನಿಯ ಯೋಗ್ಯತೆ ತಿಳಿಯುವುದು ಲೈನಿನ ಕೊನೆಯ ಕಂಬದಲ್ಲಿ. ಈಗಷ್ಟೇ ಕೆಲಸಕ್ಕೆ ಸೇರಿದ ಇಂಜಿನಿಯರುಗಳಿಗಾಗಿ ಈ ಪಾಠಗಳನ್ನು ಬರೆಯುತ್ತಿದ್ದೇನೆ.

1. ಅರ್ಥಿಂಗ್ ಮಾಡದೆ ಯಾರನ್ನೂ ಕಂಬ ಹತ್ತಿಸಬೇಡಿ

ನನ್ನ ಮೊದಲ ಮಳೆಗಾಲ. 11 ಕೆ.ವಿ. ಲೈನಿನಲ್ಲಿ ಇನ್ಸುಲೇಟರ್ ಒಡೆದಿತ್ತು. ಸ್ಟೇಷನ್ನಿನಿಂದ ಲೈನ್ ಕ್ಲಿಯರ್ ತೆಗೆದುಕೊಂಡಿದ್ದೆ, ಕಂಬದ ಸ್ವಿಚ್ಚನ್ನೂ ತೆಗೆಸಿದ್ದೆ. ಕತ್ತಲಾಗುತ್ತಿತ್ತು. ‘ಬೇಗ ಹತ್ತಿ’ ಅಂದೆ. ಹಿರಿಯ ಲೈನ್‌ಮನ್ ನಿಂತಲ್ಲಿಂದ ಕದಲಲಿಲ್ಲ. ‘ಕಾಗದ ಬರೆದೋರು ನೀವು ಸಾರ್, ತಂತಿ ಮುಟ್ಟೋನು ನಾನು. ರಾಡ್ ಬರ್ಲಿ’ ಎಂದರು. ಅರ್ಧ ಗಂಟೆ ಕಾದು ಅರ್ಥಿಂಗ್ ರಾಡ್ ತರಿಸಿದೆವು. ಅದು ತಂತಿಗೆ ತಾಗಿದ್ದೇ ತಡ, ಚಟ್ಟೆಂದು ಕಿಡಿ ಹಾರಿತು.

ಊರಾಚೆಯ ಕಲ್ಯಾಣ ಮಂಟಪದಲ್ಲಿ ಮದುವೆಗೆಂದು ಜನರೇಟರ್ ಹಾಕಿದ್ದರು. ಚೇಂಜ್‌ಓವರ್ ಸ್ವಿಚ್ ಇರಲಿಲ್ಲ. ಆ ಕರೆಂಟು ಅವರ ಟ್ರಾನ್ಸ್‌ಫಾರ್ಮರಿನೊಳಗೆ ಹಿಮ್ಮುಖವಾಗಿ ಹರಿದು, 433 ವೋಲ್ಟಿನ ಜಾಗದಲ್ಲಿ ಸಾವಿರಗಟ್ಟಲೆ ವೋಲ್ಟಾಗಿ, ನಾವು ಸತ್ತಿದೆ ಎಂದುಕೊಂಡ ಲೈನಿಗೆ ಬಂದಿತ್ತು. ಆ ಲೈನ್‌ಮನ್ ನನ್ನ ಮಾತು ಕೇಳಿದ್ದರೆ ಅವರ ಮನೆಗೆ ಆ ರಾತ್ರಿ ನಾನು ಯಾವ ಮುಖ ಹೊತ್ತು ಹೋಗುತ್ತಿದ್ದೆ? ಲೈನಿನ ಎರಡೂ ಬದಿಗೆ ಅರ್ಥಿಂಗ್ ಆದಮೇಲೆಯೇ ಕೆಲಸ. ಆತುರಕ್ಕೆ ಅಲ್ಲಿ ಜಾಗವಿಲ್ಲ.

2. ಟಿ.ಸಿ. ಸುಟ್ಟರೆ ಬದಲಿಸುವ ಮುನ್ನ ಲೆಕ್ಕ ಹಾಕಿ

ಒಂದು ಬೇಸಿಗೆಯಲ್ಲಿ ಒಂದೇ ಟಿ.ಸಿ., ಅಂದರೆ ಟ್ರಾನ್ಸ್‌ಫಾರ್ಮರ್, ಮೂರು ಸಲ ಸುಟ್ಟಿತು. ಎರಡು ಸಲ ಬದಲಿಸಿ ಸುಮ್ಮನಾದೆ. ಮೂರನೆಯ ಸಲ ಹೊಲಕ್ಕೆ ನಡೆದೆ. 25 ಕೆವಿಎ ಟ್ರಾನ್ಸ್‌ಫಾರ್ಮರ್ ಕೊಡಬಲ್ಲದ್ದು ಸುಮಾರು 33 ಆಂಪಿಯರ್. 5 ಎಚ್‌ಪಿ ಮೋಟಾರು ಏಳೆಂಟು ಆಂಪಿಯರ್ ಎಳೆಯುತ್ತದೆ. ಅಂದರೆ ನಾಲ್ಕು ಮೋಟಾರಿಗೆ ಅದರ ಶಕ್ತಿ ಮುಗಿಯಿತು. ಅಲ್ಲಿ ಓಡುತ್ತಿದ್ದದ್ದು ಒಂಬತ್ತು. ಐದಕ್ಕೆ ಆರ್.ಆರ್. ನಂಬರೇ ಇಲ್ಲ. ಫ್ಯೂಸಿನ ಜಾಗದಲ್ಲಿ ದಪ್ಪ ತಂತಿ ಸುತ್ತಿದ್ದರು.

ಕಳ್ಳತನದ ಕೇಸು ಹಾಕಲು ಪೆನ್ನು ತೆಗೆದಿದ್ದೆ. ಹಿರಿಯ ರೈತರೊಬ್ಬರು, ‘ಅರ್ಜಿ ಕೊಟ್ಟು ಎರಡು ವರ್ಷ ಆಯ್ತು ಸ್ವಾಮಿ, ಬೆಳೆ ಅಷ್ಟು ದಿನ ಕಾಯ್ತದಾ?’ ಎಂದರು. ಆಫೀಸಿಗೆ ಬಂದು ಹುಡುಕಿದೆ. ಐದೂ ಅರ್ಜಿಗಳು ನನ್ನದೇ ಬೀರುವಿನಲ್ಲಿದ್ದವು. ಸಂಪರ್ಕಗಳನ್ನು ಸಕ್ರಮ ಮಾಡಿ, ಇನ್ನೊಂದು ಟಿ.ಸಿ. ಕೂರಿಸಿದೆವು. ನಾನು ಅಲ್ಲಿದ್ದಷ್ಟು ಕಾಲ ಅದು ಮತ್ತೆ ಸುಡಲಿಲ್ಲ.

3. ಅಳೆಯದೆ ನಷ್ಟ ತಗ್ಗದು

ತಂತಿಯಲ್ಲಿ ಕರೆಂಟು ಎರಡು ಪಟ್ಟಾದರೆ ನಷ್ಟ ನಾಲ್ಕು ಪಟ್ಟಾಗುತ್ತದೆ. ಇದು ಪುಸ್ತಕದ ಲೆಕ್ಕ. ಇನ್ನೊಂದು ನಷ್ಟವಿದೆ, ಅದು ಕಡತದಲ್ಲಿ ಅಡಗುತ್ತದೆ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ವಿದ್ಯುತ್ ಉಚಿತ, ಹಣ ಕೊಡುವುದು ಸರ್ಕಾರ. ಬಹುತೇಕ ಪಂಪ್‌ಸೆಟ್ಟುಗಳಿಗೆ ಮೀಟರಿಲ್ಲದ ಕಾರಣ, ಎಲ್ಲೆಲ್ಲೋ ಸೋರಿದ ಯೂನಿಟ್ಟುಗಳನ್ನು ರೈತರ ಖಾತೆಗೆ ಬರೆದುಬಿಡುವುದು ಬಹಳ ಸುಲಭ. ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಫೀಡರ್ ಬೇರೆ, ಪಂಪ್‌ಸೆಟ್ಟಿನ ಫೀಡರ್ ಬೇರೆ ಆದಮೇಲೆ ಎರಡನ್ನೂ ಬೇರೆಬೇರೆ ಅಳೆಯಲು ಬಂತು. ರೈತರ ಮೇಲೆ ಸುಳ್ಳು ಲೆಕ್ಕ ಹೊರಿಸುವುದು ಅನ್ಯಾಯ. ಅದು ನಮ್ಮ ರೋಗವನ್ನು ನಮ್ಮಿಂದಲೇ ಮುಚ್ಚಿಡುತ್ತದೆ.

4. ಗ್ರಿಡ್ಡಿನಲ್ಲಿ ನಾವು ಒಬ್ಬರೇ ಇಲ್ಲ

ಫ್ರೀಕ್ವೆನ್ಸಿ 50 ಹರ್ಟ್ಸ್ ಆಸುಪಾಸಿನಲ್ಲೇ ಇರಬೇಕು. ಅದು ಕುಸಿಯುವಾಗಲೂ ನಮ್ಮ ಪಾಲಿಗಿಂತ ಹೆಚ್ಚು ಎಳೆದರೆ ನೆರೆಯವರ ತುತ್ತಿಗೆ ಕೈ ಹಾಕಿದಂತೆ. 2012ರ ಜುಲೈ 30 ಮತ್ತು 31ರಂದು ಉತ್ತರದ ರಾಜ್ಯಗಳು ಕತ್ತಲಾದಾಗ ದಕ್ಷಿಣದ ಗ್ರಿಡ್ ಬೇರೆಯಾಗಿತ್ತು. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ 765 ಕೆ.ವಿ. ಲೈನು ಜೋಡಣೆಯಾಯಿತು. ಅಲ್ಲಿಂದಾಚೆಗೆ ದೇಶಕ್ಕೆಲ್ಲ ಒಂದೇ ನಾಡಿ.

ನಮ್ಮ ಪಾಲಿನೊಳಗೆ ಇರಲು ಕಡಿತ ಮಾಡಲೇಬೇಕಾದರೆ ವೇಳೆಯನ್ನು ಮೊದಲೇ ಹೇಳಿ, ಹೇಳಿದ ವೇಳೆಗೆ ಕೊಡಿ. ರಾತ್ರಿ ಎರಡು ಗಂಟೆಗೆ ಮೂರು ಫೇಸ್ ಕೊಟ್ಟರೆ ಟಾರ್ಚು ಹಿಡಿದು, ಹಾವು ಹುಳದ ನಡುವೆ ಹೊಲಕ್ಕೆ ಹೋಗುವವರು ರೈತರು, ವೇಳಾಪಟ್ಟಿಗೆ ಸಹಿ ಹಾಕಿದ ನಾವಲ್ಲ. ಪಾವಗಡದಂಥ ಕಡೆ ಎರಡು ಸಾವಿರ ಮೆಗಾವ್ಯಾಟಿಗೂ ಹೆಚ್ಚು ಸೌರಶಕ್ತಿ ನಿಂತಿದೆ. ಹಗಲಿನಲ್ಲೇ ಪಂಪ್‌ಸೆಟ್ಟಿಗೆ ಕೊಡುವ ದಾರಿ ಈಗಿದೆ. ಅದನ್ನು ಪಟ್ಟು ಹಿಡಿದು ಬಳಸಿ.

5. ಕುರ್ಚಿ ಎತ್ತರವಾದಷ್ಟೂ ಕೆಳಗಿನದನ್ನು ಮೊದಲು ಕೇಳಿ

ವಿದ್ಯುತ್ ಖರೀದಿಯೇ ವಿತರಣಾ ಕಂಪನಿಯ ಅತಿ ದೊಡ್ಡ ಖರ್ಚು. ಹಾಗಾಗಿ ಎಂ.ಡಿ. ಮೇಜಿಗೆ ಮೊದಲು ಬರುವುದು ಹಣದ ಕಾಗದಗಳು. ನಾನು ಅಧಿಕಾರ ವಹಿಸಿಕೊಂಡ ವಾರವೇ ಬೆಳಗಿನ ವರದಿಯ ಕ್ರಮ ಬದಲಿಸಿದೆ. ಮೊದಲ ಸಾಲು: ನಿನ್ನೆ ಯಾರಿಗಾದರೂ ಶಾಕ್ ಹೊಡೆಯಿತೇ? ಎರಡನೆಯದು: ಸುಟ್ಟ ಟಿ.ಸಿ. ಎಷ್ಟು, ಏಕೆ? ವಸೂಲಿ ಮೂರನೆಯದು. ಮೊದಲೆರಡು ಸಾಲಿಗೆ ದಿನವೂ ಉತ್ತರಿಸಬೇಕಾದಾಗ ಅಧಿಕಾರಿಗಳು ತಾವಾಗಿಯೇ ಕಂಬದವರೆಗೆ ನಡೆದರು.

ನಾಳೆ ನಿಮ್ಮ ಸೆಕ್ಷನ್ನಿಗೆ ಹೋದಾಗ ಕಡತ ಬಿಚ್ಚುವ ಮೊದಲು ಸ್ಟೋರಿಗೆ ಹೋಗಿ. ಅರ್ಥಿಂಗ್ ರಾಡ್ ಎಷ್ಟಿವೆ, ಲೈನ್‌ಮನ್‌ಗಳು ಎಷ್ಟು ಜನರಿದ್ದಾರೆ, ಎರಡನ್ನೂ ಎಣಿಸಿ. ಲೆಕ್ಕ ತಾಳೆಯಾಗದಿದ್ದರೆ ಆ ದಿನದ ಮೊದಲ ಕೆಲಸ ಅದೇ.